ಕಪ್ಪೆ ಹಾಡಿಗೆ ಮಡಚಿದ ಮೊಣಕಾಲು

ಜೂನ್ ೧೨, ಗುರುವಾರ

ನನ್ನ ಫಿಸಿಯೊಥೆರಪಿ ಕ್ಲಿನಿಕ್ಕಿನ ಮತ್ತು ಮನೆಯ ಕಂಪ್ಯೂಟರುಗಳಲ್ಲಿ ಉಳಿಸಿಟ್ಟಿದ್ದ ವಿಡಿಯೊ ಲಿಂಕುಗಳ ಬುಕ್‌ಮಾರ್ಕುಗಳನ್ನು ಇವರು ನಿನ್ನೆ ಒಂದುಗೂಡಿಸಿಕೊಟ್ಟರು. ಮಗಳು ಉಳಿಸಿಟ್ಟ ಮಕ್ಕಳ ಹಾಡುಗಳೂ ಸೇರಿಕೊಂಡು ಎಲ್ಲ ಕಲಸುಮೇಲೋಗರ. ಬೆಳಿಗ್ಗೆಯಿಂದ ಅದೇ ಕಿರಿಕಿರಿ.

ಆಪರೇಷನ್ ಆದಮೇಲೆ ಮೊಣಕಾಲು ಮಡಚಲು ಹೆದರುತ್ತಿದ್ದ ಬಸ್ ಡ್ರೈವರ್ ತಾತನಿಗೆ ವ್ಯಾಯಾಮದ ವಿಡಿಯೊ ತೋರಿಸಹೋದೆ. ಕೈತಪ್ಪಿ ಮಗಳ ಕಪ್ಪೆ ಹಾಡು ಶುರುವಾಯಿತು. ನಾನು ನಾಚಿ ನೀರಾಗಿ ನಿಲ್ಲಿಸಹೋದೆ.

"ನಿಲ್ಲಿಸ್ಬೇಡಮ್ಮಾ," ಎಂದು ತಾತ ನಕ್ಕರು. ತಾಳಕ್ಕೆ ಅವರ ಪಾದ ಕುಣಿಯಿತು, ಮೆಲ್ಲಗೆ ಮೊಣಕಾಲೂ ಮಡಚಿಕೊಂಡಿತು.

"ಅಯ್ಯೋ, ಪ್ರಾಣ ಹೋಗುತ್ತೆ ಅಂದ್ಕೊಂಡಿದ್ನಲ್ಲ!" ಎಂದರು ತಾತ.

ರಾತ್ರಿ ಊಟಕ್ಕೆ ಕೂತಾಗ ಇವರು ಕೇಳಿದರು, "ನಿನ್ನ ಬುಕ್‌ಮಾರ್ಕು, ಮಗಳದು ಬೇರೆ ಬೇರೆ ಮಾಡ್ಕೊಡ್ಲಾ?"

"ಬೇಡ, ಬೆರೆತೇ ಇರ್ಲಿ," ಎಂದೆ. ಮನಸ್ಸು ಹಗುರಾಗಿದೆ. ಕಣ್ಣು ಎಳೆಯುತ್ತಿದೆ, ಇನ್ನು...