ನೆಲ ನಿಂತ ಮೇಲೆ

ಬಂದರಿನ ಬಾಡಿಗೆ ಕೋಣೆ
ಮಾರ್ಚ್ ೧೪, ಭಾನುವಾರ

ಪ್ರೀತಿಯ ಮಗಳೇ,

ನೀನು, ಅಳಿಯಂದಿರು, ಮಗು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬೋಟಿನಲ್ಲಿ ಬರೆಯಲು ಕೂತರೆ ಅಕ್ಷರಕ್ಕಿಂತ ಮೊದಲು ಹೊಟ್ಟೆಯಲ್ಲಿದ್ದದ್ದು ಕಾಗದದ ಮೇಲೆ ಬೀಳುತ್ತದೆ. ನಿನ್ನೆ ದಡಕ್ಕೆ ಬಂದೆವು. ಈಗಲೂ ಎಡಗೈಯಲ್ಲಿ ಮೇಜು ಹಿಡಿದುಕೊಂಡೇ ಬರೆಯುತ್ತಿದ್ದೇನೆ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ವಾಂತಿ ನಿಂತಿತೇ ಎಂದು ಕೇಳಿದ್ದೀಯ. ಮನೆಗೆ ಯಾವಾಗ ಬರುತ್ತೀರಿ ಎಂದು ಕೇಳಿಲ್ಲ. ಇರಲಿ, ಕೇಳಿದ್ದಕ್ಕೆ ಮೊದಲು ಉತ್ತರ.

ನಿಂತಿಲ್ಲ. ಆದರೆ ನನಗೂ ಅದಕ್ಕೂ ಒಂದು ರಾಜಿಯಾಗಿದೆ: ದಡ ಕಣ್ಮರೆಯಾದ ಮೊದಲ ದಿನ ಅದರದ್ದು, ಉಳಿದ ದಿನಗಳು ನನ್ನವು. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ಟಿಕೆಟ್ ಹರಿದುಕೊಟ್ಟವನು ನಾನು. ವಾಂತಿ ಮಾಡುವವರನ್ನು ಕಂಡರೆ, "ತಲೆ ಹೊರಗೆ ಹಾಕ್ರೀ" ಎಂದು ಸಿಡುಕುತ್ತಿದ್ದವನು. ಈಗ ನಾನು ಬೋಟಿನ ಅಂಚಿಗೆ ಓಡಿದರೆ ಸಾಕು, ಬಲೆ ಎಳೆಯುವವರು, "ಕಂಡಕ್ಟ್ರೇ, ಯಾವ ಸ್ಟಾಪು?" ಎಂದು ಕೂಗುತ್ತಾರೆ. ನಕ್ಕುಬಿಡುತ್ತೇನೆ. ನಗದಿದ್ದರೆ ಅಲ್ಲಿ ಬಾಳುವುದು ಕಷ್ಟ.

ಬೋಟಿನ ಅಡುಗೆಯವನಾದ ನನಗೆ ಇದು ಎರಡು ಪಟ್ಟು ಶಿಕ್ಷೆ. ಒಲೆಗೆ ತಂತಿಯಿಂದ ಕಟ್ಟಿದ ಪಾತ್ರೆ, ಮೇಲೆ ಹಬೆ, ಕೆಳಗೆ ಡೀಸೆಲ್ ವಾಸನೆ. ಒಬ್ಬೊಬ್ಬರದು ಒಂದೊಂದು ಮದ್ದು. ಎಂಜಿನ್ ನೋಡಿಕೊಳ್ಳುವವನು ಶುಂಠಿ ಅಗಿಯಿರಿ ಎಂದ. ಖಾಲಿ ಹೊಟ್ಟೆಯಲ್ಲಿ ಇರಲೇಬೇಡಿ, ಒಣ ಬ್ರೆಡ್ಡಾದರೂ ತಿನ್ನಿ ಎಂದ ಇನ್ನೊಬ್ಬ. ಕೊನೆಗೆ ಬೋಟು ನಡೆಸುವ ಯಜಮಾನರು ನನ್ನನ್ನು ಹೊರಗೆ ಕರೆದು, "ಒಳಗೆ ಮಲಗಿದಷ್ಟೂ ಜಾಸ್ತಿ ಆಗುತ್ತೆ. ಗಾಳಿಗೆ ಮುಖ ಕೊಟ್ಟು ಕೂತ್ಕೊಳ್ಳಿ. ಅಲ್ಲಾಡದೇ ಇರೋದು ಯಾವುದಾದ್ರೂ ಒಂದನ್ನ ನೋಡ್ತಾ ಇರಿ" ಎಂದರು. ನೀರೂ ಆಕಾಶವೂ ಸೇರುವ ಗೆರೆಯೊಂದು ಬಿಟ್ಟರೆ ಅಲ್ಲಿ ಅಲ್ಲಾಡದ್ದು ಏನೂ ಇಲ್ಲ. ಈಗ ಬೋಟಿನ ನಡುಮಧ್ಯೆ ಕೂತು ಈರುಳ್ಳಿ ಹೆಚ್ಚುತ್ತೇನೆ. ಒಂದು ಹೆಚ್ಚುವುದು, ತಲೆಯೆತ್ತಿ ಆ ಗೆರೆ ನೋಡುವುದು, ಇನ್ನೊಂದನ್ನು ಎತ್ತಿಕೊಳ್ಳುವುದು. ಅಡುಗೆ ತಡವಾಗುತ್ತದೆ, ಬೈಗುಳ ತಿನ್ನುತ್ತೇನೆ.

ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎಂದು ಅಳಿಯಂದಿರು ಕೇಳಿದ್ದರಂತೆ. ನಿನ್ನ ಅಮ್ಮ ಹೋದ ಮೇಲೆ ಒಬ್ಬನಿಗೋಸ್ಕರ ಒಲೆ ಹಚ್ಚುವುದು ನನ್ನಿಂದಾಗಲಿಲ್ಲ. ಹತ್ತಾರು ಜನಕ್ಕೆ ಬೇಯಿಸುವುದು ಎಷ್ಟೋ ಹಗುರ. ಆದರೂ ಊಟವಾಗಿ ಎಲ್ಲರೂ ತಮ್ಮ ತಮ್ಮ ಮನೆಯ ಮಾತು ತೆಗೆದಾಗ ನಾನು ಪಾತ್ರೆ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತೇನೆ. ಒಂಟಿತನಕ್ಕೆ ಶುಂಠಿ ನಾಟುವುದಿಲ್ಲ.

ಮಗು ಗೋಡೆ ಹಿಡಿದು ಹೆಜ್ಜೆ ಹಾಕುತ್ತಿದೆ ಎಂದು ಬರೆದಿದ್ದೀಯ. ಓದಿ ತುಂಬಾ ಖುಷಿಯಾಯಿತು. ಬೀಳಲಿ, ಏಳಲಿ, ಗದರಿಸಬೇಡ. ಅದರ ಕಾಲು ಗಟ್ಟಿಯಾಗಲಿ, ನಿಮ್ಮ ಮನೆ ತಣ್ಣಗಿರಲಿ.

ಇಂತು ನಿನ್ನ,
ಅಪ್ಪ

ತಾ.ಕ.: ಹೋದ ಸಲ ಬೋಟಿನಿಂದ ಇಳಿದವನೇ ಸೀದಾ ನಿನ್ನ ಮನೆಗೆ ಬಂದೆನಲ್ಲ, ಆವತ್ತು ನಾನು ಕುಡಿದಿರಲಿಲ್ಲ. ಬಹಳ ದಿನ ನೀರಿನ ಮೇಲಿದ್ದವನಿಗೆ ದಡಕ್ಕೆ ಬಂದ ಮೇಲೂ ಒಂದೆರಡು ದಿನ ನೆಲ ತೂಗುತ್ತದಂತೆ. ಯಜಮಾನರು ಹೇಳಿದ್ದು ಆಮೇಲೆ. ನಿನ್ನ ಮೆಟ್ಟಿಲಲ್ಲಿ ತೂರಾಡಿ ಗೋಡೆ ಹಿಡಿದೆ. ನೀನು ಮಗುವನ್ನು ಅವಚಿಕೊಂಡು, "ಅಪ್ಪ, ಹೀಗೆ ಬರಬೇಡಿ. ಇನ್ನೊಂದು ದಿನ ಬನ್ನಿ" ಎಂದೆ. ನಿನ್ನ ಮಾವ ಕುಡಿದು ಬಂದು ಮಾಡಿದ್ದನ್ನೆಲ್ಲ ಅನುಭವಿಸಿದವಳು ನೀನು, ಹೆದರಿದ್ದು ತಪ್ಪಲ್ಲ. ಅಲ್ಲೇ ಹೇಳಬಹುದಿತ್ತು, ಆದರೆ ಬಾಯಿ ತೆರೆದರೆ ವಾಂತಿಯಾಗುತ್ತಿತ್ತು. ಅದಕ್ಕೇ ಅಲ್ಲಾಡದ್ದು ಒಂದು ಬೇಕೆಂದು ನಿನ್ನ ಮುಖವನ್ನೇ ನೋಡುತ್ತಾ ನಿಂತಿದ್ದೆ. ನೀನು ಬಾಗಿಲು ಹಾಕಿಕೊಂಡೆ.

ಈ ಸಲ ನೆಲ ನಿಂತ ಮೇಲೆ ಬರುತ್ತೇನೆ. ಬರಲೇ?