ನಕ್ಷೆಯಲ್ಲಿ ಇಲ್ಲವಾದ ಮಾಡುಗಳು

೧೪ ಮಾರ್ಚ್ ೨೦೦೭, ಬುಧವಾರ, ಬೆಳ್ತಂಗಡಿ

ನಕ್ಷೆ ತಯಾರಿಸುವ ನಮ್ಮ ಕಚೇರಿ ಇಂದು ಹನ್ನೊಂದು ಮನೆಗಳನ್ನು ಅಳಿಸಿಹಾಕಿತು. ಅಳಿಸಿದವನು ಮೇಲ್ವಿಚಾರಕ ಅಜಿತಕುಮಾರ.

ಉಪಗ್ರಹ ಚಿತ್ರದ ಸುತ್ತಲಿನ ಬಿಳಿ ಅಂಚು ಅವನ ಕಣ್ಣಿಗೆ ಚುಚ್ಚುತ್ತಿತ್ತು. ಅಂಚನ್ನಷ್ಟೇ ಕತ್ತರಿಸುವ ಬದಲು ಬಿಳಿ ಬಣ್ಣವನ್ನೇ ಪಾರದರ್ಶಕ ಮಾಡಿಬಿಟ್ಟ. ಗುಡ್ಡೆಯ ಕಾಲೊನಿಯವರು ಬೇಸಗೆಯ ಧಗೆಗೆ ಮಾಡಿನ ಸಿಮೆಂಟ್ ಶೀಟಿಗೆ ಸುಣ್ಣ ಬಳಿಯುತ್ತಾರೆ. ಅಂಚಿನ ಜೊತೆ ಆ ಮಾಡುಗಳೂ ಮಾಯವಾದವು. ಆ ತೂತುಗಳಲ್ಲಿ ಕೆಳಗಿನ ಪದರದ ಹಳೆಯ ಸರ್ವೆ ನಕ್ಷೆ ಕಾಣುತ್ತದೆ. ಅದರ ಪ್ರಕಾರ ಅದು ಖಾಲಿ ಜಾಗ. ತಹಶೀಲ್ದಾರರು ಕಲ್ಲುಕೋರೆಗೆ ಜಾಗ ಕೊಡುವುದು ಇದೇ ನಕ್ಷೆ ನೋಡಿ!

ತೋರಿಸಿದೆ. ನಕ್ಕ.

“ಎಂತ ಮಾರಾಯ, ನಾಲ್ಕು ಚುಕ್ಕೆ ಹೋದ್ರೆ ಭೂಮಿ ಬಾಯಿ ಬಿಡ್ತದಾ? ಪ್ರಿಂಟ್ ಆಗಿ ಉಂಟು. ನಿನ್ನ ಕ್ರಾಂತಿಯನ್ನು ಮನೆಯಲ್ಲಿಟ್ಟು ಬಾ.”

ತಿಳಿಯದೆ ಮಾಡಿದ್ದನ್ನು ಕ್ಷಮಿಸಿಯೇನು. ತಿಳಿದ ಮೇಲೆ ನಕ್ಕದ್ದನ್ನು ಕ್ಷಮಿಸಲಾರೆ. ನಾನು ಓದಿದ ಕರಪತ್ರಗಳಲ್ಲಿ ಶತ್ರುವಿನ ಕೈಯಲ್ಲಿ ಕೋವಿ ಇರುತ್ತಿತ್ತು. ಇವನು ಚಹಾ ಕುಡಿಯುತ್ತಾ ಒಂದು ಗುಂಡಿ ಒತ್ತಿದ, ಅಷ್ಟೆ. ಥೂ.

ಸಂಜೆ ಕಾಲೊನಿಗೆ ಹೋಗಿ, ಆ ಮನೆಗಳಲ್ಲಿ ಒಂದರ ಯಜಮಾನಿ ಖದೀಜರಿಗೆ ಎಲ್ಲವನ್ನೂ ಹೇಳಿದೆ. ಅತ್ತಾರೆಂದುಕೊಂಡಿದ್ದೆ.

“ಓಟು ಕೇಳ್ಲಿಕ್ಕೆ ಬರುವವರಿಗೆ ನಮ್ಮ ಮನೆ ಸರಿಯಾಗಿ ಕಾಣ್ತದಲ್ಲ ಮಗಾ?” ಎಂದರು. “ಎಲ್ಲರನ್ನೂ ನಾನು ಕರೀತೇನೆ. ಯಾವಾಗ ಹೋಗುವ, ಅದು ಹೇಳು.”

ನಕ್ಷೆ ತಹಶೀಲ್ದಾರರ ಕೈಸೇರುವ ಮೊದಲು, ಎಂದೆ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ, ತಾಲೂಕು ಕಚೇರಿಯ ಬಾಗಿಲಲ್ಲಿ.