ಜಂಬ ಮಾಡಿದ ಟೀ

ಇಪ್ಪತ್ತೆರಡನೆಯ ತಾರೀಕು, ಗುರುವಾರ

ನನ್ನ ಸೊಸೆಗೆ,

ಸೇನೆಯಲ್ಲಿ ಇಪ್ಪತ್ತೊಂದು ವರ್ಷ ಲಾರಿ ಓಡಿಸಿದವರ ಹೆಂಡತಿ, ಆ ಕಾಲಕ್ಕೇ ಹೈಸ್ಕೂಲು ಮುಗಿಸಿದವಳು, ಈಗಲೂ ದನಿ ಎತ್ತಿದರೆ ಬೀದಿಯಲ್ಲಿ ಹೋಗುವ ಸೈಕಲ್ಲು ನಿಲ್ಲುವಂಥವಳು, ನಿನ್ನ ಅತ್ತೆ, ಮಾಡುವ ಆಶೀರ್ವಾದ. ನಿನ್ನ ತಾಯಿಯ ಮುರಿದ ಕೈ ಕೂಡಿಕೊಳ್ಳುತ್ತಿದೆ ಎಂದು ಮಗ ಹೇಳಿದ. ಸಂತೋಷ. ನಾನು ಪತ್ರ ಬರೆಯುವವಳಲ್ಲ. ಆದರೆ ಈ ಮಾತನ್ನು ಎದುರಿಗೆ ಕೂತು ಹೇಳಲು ನಾಲಿಗೆ ಏಳುವುದಿಲ್ಲ.

ನನ್ನ ಆರೈಕೆಗೆ ನೆರವು ಕೇಳಿದ ನಮ್ಮ ಅರ್ಜಿಯನ್ನು ಮಾಜಿ ಸೈನಿಕರ ಕಚೇರಿಯವರು ತಳ್ಳಿಹಾಕಿದಾಗ, ಫಾರಂ ತುಂಬುವುದರಲ್ಲಿ ನಾನೇ ಎಡವಿದೆ ಎಂದು ನೀನು ಕಣ್ಣೀರು ಹಾಕಿದೆ. ಈ ತಿಂಗಳ ಕೊನೆಗೆ ನಿನ್ನ ರಜೆ ಮುಗಿಯುತ್ತದೆ. ನನ್ನನ್ನು ನೋಡಿಕೊಳ್ಳಲು ಬೇರೆ ಜನ ಸಿಗದಿದ್ದರೆ ಕನ್ನಡಕದ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಗಾಜು ಉಜ್ಜಿ ಗಳಿಸಿದ ಜಾಗ ಕೈತಪ್ಪುತ್ತಿತ್ತು. ತಪ್ಪು ನಿನ್ನದಲ್ಲ. ನನ್ನದು.

ಕಚೇರಿಯವನು ಪರಿಶೀಲನೆಗೆ ಬರುವ ಹೊತ್ತಿಗೆ ನಿನ್ನನ್ನು ಔಷಧಿ ತರಲು ಓಡಿಸಿದೆನಲ್ಲ, ಆ ಔಷಧಿ ನನ್ನ ದಿಂಬಿನ ಕೆಳಗೇ ಇತ್ತು. ನೀನು ಅತ್ತ ಹೋದೊಡನೆ ಗೋಡೆ ಹಿಡಿದು ಎದ್ದೆ. ಊರುಗೋಲನ್ನು ಮಂಚದ ಕೆಳಗೆ ತಳ್ಳಿದೆ. ಬಾಗಿಲು ನಾನೇ ತೆಗೆದೆ, ಟೀ ನಾನೇ ಮಾಡಿಕೊಟ್ಟೆ. "ಏನಮ್ಮಾ, ನಿಮ್ಮನ್ನ ನೋಡ್ಕೊಳ್ಳೋಕೆ ಜನ ಬೇಕಾ? ನೀವೇ ಇನ್ನಿಬ್ಬರನ್ನ ನೋಡ್ಕೊಳ್ತೀರ!" ಎಂದ. ಉಬ್ಬಿಹೋದೆ. ಸೈನಿಕನ ಹೆಂಡತಿ ಯಾರ ಮುಂದೆಯೂ ಕೈ ಚಾಚುವುದಿಲ್ಲ ಎಂದೂ ಸೇರಿಸಿದೆ. ಅವನು ಬರೆದುಕೊಂಡ.

ಆಮೇಲೆ ಎರಡು ದಿನ ಜ್ವರವೆಂದು ಮಲಗಿದ್ದೆ. ಜ್ವರವಿರಲಿಲ್ಲ, ಸೊಂಟ ಬಿದ್ದುಹೋಗಿತ್ತು. ನೀನು ಕಾಲು ಒತ್ತಿದೆ. ನಾನು ಒತ್ತಿಸಿಕೊಂಡೆ, ಬಾಯಿ ಬಿಡಲಿಲ್ಲ.

ನೀನು ತವರಿಗೆ ಹೊರಟ ದಿನ ಮಗನಿಗೆ ಎಲ್ಲ ಹೇಳಿದೆ. "ನೀನು ಹುಲಿ ಅಂತ ಬೀದಿಗೆಲ್ಲ ಗೊತ್ತಮ್ಮಾ, ಆ ಕಚೇರಿಗೂ ಗೊತ್ತಾಗ್ಬೇಕಿತ್ತಾ?" ಎಂದು ತಲೆ ಚಚ್ಚಿಕೊಂಡ. "ಬಾಯಿ ಮುಚ್ಕೊಂಡು ಇನ್ನೊಂದು ಅರ್ಜಿ ಬರಿಯೋ" ಎಂದೆ. ಬರೆದ. ಸಹಿ ಹಾಕಿದೆ.

ಹೋದ ವಾರ ಅದೇ ಮನುಷ್ಯ ಮತ್ತೆ ಬಂದ. ಈ ಸಲ ತಲೆ ಬಾಚದೆ ಹಾಸಿಗೆಯಲ್ಲೇ ಕೂತಿದ್ದೆ. "ಹೋದ ಸಲ ಟೀ ಕೊಟ್ರಲ್ಲಮ್ಮಾ?" ಎಂದ. "ಆ ಟೀ ಮಾಡಿದ್ದು ನಾನಲ್ಲಪ್ಪಾ, ನನ್ನ ಜಂಬ" ಎಂದೆ. ಎದ್ದು ನಿಲ್ಲಲು ಹೇಳಿದ. ಅರ್ಧ ಎದ್ದೆ, ಕುಸಿದು ಕೂತೆ. ಸ್ನಾನ ಯಾರು ಮಾಡಿಸುತ್ತಾರೆ ಎಂದು ಕೇಳಿದ. ಸೊಸೆ ಎಂದೆ. ಬಟ್ಟೆ? ಸೊಸೆ. ಉಗುರು? ಮಾತ್ರೆ? ಪಾಯಿಖಾನೆಗೆ ಕರೆದೊಯ್ಯುವುದು? ಎಲ್ಲದಕ್ಕೂ ಒಂದೇ ಉತ್ತರ. ಎರಡು ಪುಟ ತುಂಬಿತು. ಎಂಟು ತಿಂಗಳು ನೀನು ಇಷ್ಟೆಲ್ಲ ಮಾಡಿದ್ದೀಯೆಂದು ನನ್ನ ಬಾಯಿಂದಲೇ ಕೇಳಿ ನನಗೆ ತಿಳಿಯಿತು. ನಿನ್ನ ಋಣ ದೊಡ್ಡದು, ತಾಯಿ.

ಮಂಗಳವಾರ ಮಂಜೂರಾತಿ ಬಂತು. ಇಂದು ಬೆಳಿಗ್ಗೆಯಿಂದ ಒಬ್ಬಳು ಆಯಾ ಬರುತ್ತಿದ್ದಾಳೆ. ನಿನ್ನ ಅಂಗಡಿಯ ಮಾಲೀಕರಿಗೂ ಫೋನು ಮಾಡಿದ್ದಾಯಿತು: ಒಂದನೇ ತಾರೀಕು ನನ್ನ ಸೊಸೆ ಬರುತ್ತಾಳೆ, ಅವಳ ಸ್ಟೂಲಿನ ಮೇಲೆ ಬೇರೆ ಯಾರನ್ನಾದರೂ ಕೂರಿಸಿದ್ದರೆ ಎಬ್ಬಿಸಿ ಎಂದೆ. ನಿನ್ನನ್ನು ಕೇಳಲಿಲ್ಲ. ಕೇಳುವ ಅಭ್ಯಾಸ ನನಗಿಲ್ಲ.

ಇತಿ,
ನಿನ್ನ ಅತ್ತೆ

ಮರೆತಿದ್ದೆ: ಆಯಾ ಇಂದು ಸ್ನಾನ ಮಾಡಿಸಿದಳು. ನೀರು ಸುಡುತ್ತಿತ್ತು, ಸುಮ್ಮನಿದ್ದೆ. ನಿನಗಾದರೆ ದಿನವೂ ಬಿಸಿ ಹೆಚ್ಚಾಯಿತು, ತಣ್ಣಗಾಯಿತು ಎಂದು ಗದರುತ್ತಿದ್ದೆ. ನಿನ್ನ ನೀರಿನ ಹದ ಒಂದು ದಿನವೂ ತಪ್ಪಿರಲಿಲ್ಲ. ಸೊಸೆಯ ಮುಂದೆ ಹಾಗೆ ಕೂರಲು ನಾಚಿಕೆಯಾಗುತ್ತಿತ್ತು, ಅದಕ್ಕೇ ಗದರುತ್ತಿದ್ದೆ. ಬಂದ ಮೇಲೆ ಆಯಾಗೆ ಒಮ್ಮೆ ಆ ಹದ ತೋರಿಸಿಕೊಟ್ಟು ಕೆಲಸಕ್ಕೆ ಹೋಗು.